ಹಳದಿ ಮೀಸೆಯ ಜೋಗುಳ

ಹೋದ ವಾರ ಮನೆಗೊಂದು ಫೋನ್ ಬಂತು. ಮಾಡಿದವಳು ಇಂಡಿ ಊರಿನಲ್ಲಿರುವ ನನ್ನ ಅಕ್ಕ ಸುವರ್ಣಾ. ಎತ್ತಿದವನು ನನ್ನ ಮಗ, ಮೊನ್ನೆಯಷ್ಟೇ ಹದಿಮೂರು ತುಂಬಿದವನು. ಅವನು 'ಹಲೋ' ಅಂದದ್ದೇ ತಡ, ಅಕ್ಕ ಅದು ನನ್ನ ದನಿ ಎಂದುಕೊಂಡು ಆ ಕಡೆಯಿಂದ ಶುರು ಹಚ್ಚಿಕೊಂಡಳು. "ಮಲ್ಲೂ, ನಿನಗ ಒಂಚೂರರ ನಾಚಿಕಿ ಐತೇನೋ? ಎರಡು ತಿಂಗಳಾತು, ಒಂದು ಫೋನ್ ಇಲ್ಲ. ಹೆಂಡ್ತಿ ಬಂದ ಮ್ಯಾಲ ಅಕ್ಕನ್ನ ಮರತಿ, ಹೌದಿಲ್ಲೋ?" ಪಾಪ, ಹುಡುಗ ನಡುವೆ ಬಾಯಿ ಹಾಕಲು ನೋಡಿದ. "ಅತ್ತೀ, ನಾನು..." ಎನ್ನುವಷ್ಟರಲ್ಲಿ ಅವನ ದನಿ ಕೆಳಗಿನಿಂದ ಜಿಗಿದು ಮೇಲೆ ಹೋಗಿ ಕೀರಲಾಯಿತು. ಅಕ್ಕನಿಗೆ ಗಾಬರಿ. "ಯಾಕೋ ಮಲ್ಲೂ, ಅಳಾಕತ್ತೀಯೇನು? ನಾ ಸುಮ್ನ ಚ್ಯಾಷ್ಟಿಗೆ ಅಂದ್ನೋ ಯಪ್ಪಾ!"

ನಾನು ಬಿದ್ದು ಬಿದ್ದು ನಗುತ್ತ ಫೋನ್ ಕಸಿದುಕೊಂಡೆ. ಇಬ್ಬರೂ ನಕ್ಕು ಸುಸ್ತಾದ ಮೇಲೆ ಅಕ್ಕ ಅಂದಳು: "ಥೇಟ್ ನಿನ್ನಂಗ ಆಗೇತಿ ನೋಡು ಅವನ ದನೀನೂ. ನೆನಪಾತೇನು? ಅಂದಂಗ, ಆ ಕ್ಯಾಸೆಟ್ ಸಿಕ್ಕೈತಿ. ಹಳೇ ಟ್ರಂಕಿನ್ಯಾಗ ಅರಿವ್ಯಾಗ ಸುತ್ತಿಟ್ಟಿದ್ನಿ. ಮಗಳು ಅದನ್ನ ಫೋನಿಗೆ ಹಾಕಿ ಕೊಟ್ಟಾಳ. ಕಳಸ್ತೇನಿ, ಕೇಳು."

ನನ್ನ ನಗೆ ಅಲ್ಲಿಗೇ ನಿಂತಿತು. ಈ ಭೂಮಿಯ ಮೇಲೆ ನಾನು ಕೇಳಬಾರದು ಅಂದುಕೊಂಡಿದ್ದ ಕ್ಯಾಸೆಟ್ ಯಾವುದಾದರೂ ಇದ್ದರೆ ಅದು ಅದೊಂದೇ.

ಏನಿತ್ತು ಅದರಲ್ಲಿ ಎನ್ನುತ್ತೀರಾ? ಹೇಳುತ್ತೇನೆ, ಆದರೆ ಮೊದಲು ನಮ್ಮ ಆಯಿಯ ಪರಿಚಯ ಆಗಬೇಕು. ಆಯಿ ಅಂದರೆ ನಮ್ಮಪ್ಪನ ತಾಯಿ. ನಮ್ಮದು ಬಸವನ ಬಾಗೇವಾಡಿ. ಊರಿನವರಾದ ನಾವ್ಯಾರೂ ಅಷ್ಟುದ್ದ ಹೇಳುವುದಿಲ್ಲ, ಬಾಗೇವಾಡಿ ಅಂದರೆ ಮುಗಿಯಿತು. ತೊಂಬತ್ತರ ದಶಕದ ನಡುಭಾಗದ ಆ ದಿನಗಳಲ್ಲಿ ನಮ್ಮ ಓಣಿಯಲ್ಲಿ ಯಾವ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಜೋಗುಳಕ್ಕೆ ಆಯಿಯೇ ಬರಬೇಕು. ಹಾಡುಗಳನ್ನು ಅವಳೇ ಕಟ್ಟುತ್ತಿದ್ದಳು. 'ಜೋ ಜೋ ಅನ್ನಿರೆ ಜ್ವಾಳದ ಹೊಲದವರೆ, ಹಾಲ್ತೆನಿಯಂಥ ಕೂಸ ತೂಗಿರೆ' ಅನ್ನುವುದು ಅವಳ ಮೆಚ್ಚಿನದು. ಕೂಸು ಯಾರ ಮನೆಯದೇ ಆಗಿರಲಿ, ಹೊಲ ಇರಲಿ ಬಿಡಲಿ, ಆಯಿಯ ಹಾಡಿನಲ್ಲಿ ಎಲ್ಲರೂ ಹೊಲದವರೇ.

ನಾನು ಅವಳ ಜೊತೆ ಹಾಡಲು ಕೂತದ್ದು ಎಂಟನೇ ವಯಸ್ಸಿನಲ್ಲಿ. ನನ್ನ ದನಿ ಆಗ ಬಲು ಎತ್ತರ, ಬಲು ಸಣ್ಣ. ದಾರದ ಹಾಗಿತ್ತು ಎಂದು ಹೇಳಿಕೊಳ್ಳಲು ಆಸೆ, ಓಣಿಯ ಹೆಂಗಸರು ಮಾತ್ರ ಗುಬ್ಬಿಗೆ ಹೋಲಿಸುತ್ತಿದ್ದರು. ಹಾಡನ್ನು ಇಬ್ಬರೂ ಕೂಡಿಯೇ ಹೇಳುತ್ತಿದ್ದೆವು, ಶ್ರುತಿ ಮಾತ್ರ ನನ್ನ ಎತ್ತರದ್ದು. ಬಣ್ಣ ಮಾಸಿದ ಕೆಂಪು ಜಮಖಾನೆಯ ಮೇಲೆ ಇಪ್ಪತ್ತು ಹೆಂಗಸರ ನಡುವೆ ಕೂರಲು ಪರವಾನಗಿ ಇದ್ದ ಒಬ್ಬನೇ ಗಂಡಸು ನಾನು. ಉಳಿದ ಗಂಡಸರೆಲ್ಲ ಹೊರಗೆ ಕಟ್ಟೆಯ ಮೇಲೆ ಕೂತು, ಆಲಮಟ್ಟಿ ಅಣೆಕಟ್ಟಿನ ನೀರು ನಮ್ಮ ಹೊಲಕ್ಕೆ ಯಾವಾಗ ಬಂದೀತು ಅನ್ನುವ ಮಾತನ್ನೇ ವರ್ಷಗಟ್ಟಲೆ ಅಗಿಯುತ್ತಿದ್ದರು. ಒಳಗಿನ ಸಂಭ್ರಮದ ಮುಂದೆ ಆ ಕಟ್ಟೆ ಯಾರಿಗೆ ಬೇಕು?

ಒಳಗೆ ನಡೆಯುತ್ತಿದ್ದುದನ್ನು ನೀವು ಒಮ್ಮೆ ನೋಡಬೇಕಿತ್ತು. ಕೂಸನ್ನು ತೊಟ್ಟಿಲ ಕೆಳಗಿನಿಂದ ಒಬ್ಬಳು ಕೊಡುವುದು, ಮೇಲಿನಿಂದ ಇನ್ನೊಬ್ಬಳು ತೆಗೆದುಕೊಳ್ಳುವುದು. ಆಮೇಲೆ ಕೂಸಿನ ಸೋದರತ್ತೆ ಬಗ್ಗಿ ಅದರ ಕಿವಿಯಲ್ಲಿ 'ಕುರ್ರ್ರ್' ಅಂದು ಹೆಸರು ಹೇಳಬೇಕು. ಅವಳು ಬಗ್ಗುವುದನ್ನೇ ಕಾಯುತ್ತಿದ್ದ ಹೆಂಗಸರು ಅವಳ ಬೆನ್ನಿಗೆ ಧಪಧಪ ಗುದ್ದಬೇಕು. ಇದು ಶಾಸ್ತ್ರ. ಯಾಕೆ ಗುದ್ದಬೇಕು ಎಂದು ಯಾರಿಗೂ ತಿಳಿಯದು, ಆದರೆ ಗುದ್ದದೆ ಬಿಟ್ಟರೆ ಹೆಸರು ನಿಲ್ಲುವುದಿಲ್ಲ ಎಂದು ಎಲ್ಲರಿಗೂ ಖಾತ್ರಿ. ಇದ್ದಬದ್ದ ಹಳೇ ಸಿಟ್ಟನ್ನೆಲ್ಲ ಆ ಒಂದು ಗಳಿಗೆಯಲ್ಲಿ ತೀರಿಸಿಕೊಂಡವರನ್ನೂ ಕಂಡಿದ್ದೇನೆ. ಕೊನೆಗೆ ಬೇಯಿಸಿದ ಕಡಲೆ, ಜೋಳದ ಬಿಸಿಬಿಸಿ ಗುಗ್ಗರಿ. ಹಾಡಿದವನಿಗೆ ಒಂದು ಹಿಡಿ ಹೆಚ್ಚು.

ಇಂಥ ಸ್ವರ್ಗಕ್ಕೆ ಆಯಿ ಒಂದು ಕರಾರು ಹಾಕಿದ್ದಳು. ನನ್ನ ಗಲ್ಲ ಹಿಂಡಿ ಆಗಾಗ ಅನ್ನುವಳು: "ಮೀಸಿ ಬರೂತನಕ ನೀ ನನ್ನವ. ಮೀಸಿ ಬಂತಂದ್ರ ಕಟ್ಟಿ ಮ್ಯಾಲಿನವರ ಪಾಲು." ಅವಳು ಅಂದದ್ದು ತಮಾಷೆಗೆ. ಕೇಳಿಸಿಕೊಂಡವನು ಮಾತ್ರ ನಾನು. ನನಗೆ ಅದು ಗಡಿಪಾರಿನ ಹುಕುಮಿನ ಹಾಗೆ ಕೇಳಿಸುತ್ತಿತ್ತು.

ನಡುವೆ ಪಕ್ಕದ ಮನೆಯ ರೇಣುಕಾಳ ಮಾತು ಬರಬೇಕು. ನನ್ನದೇ ಕ್ಲಾಸು, ಅವಳೂ ಜಮಖಾನೆಗೆ ಬರುತ್ತಿದ್ದಳು, ಹಾಡಿಗಿಂತ ಹೆಚ್ಚಾಗಿ ಗುಗ್ಗರಿಗೆ. ಏಳನೇತ್ತದ, ಅಂದರೆ ಏಳನೇ ತರಗತಿಯ, ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಒಂದು ದಿನ ಅವರ ಮನೆಗೂ ಆಯಿಗೆ ಕರೆ ಬಂತು. ತೊಟ್ಟಿಲಿಲ್ಲ, ಕೂಸಿಲ್ಲ. ರೇಣುಕಾ ಹೊಸ ಸೀರೆಯಲ್ಲಿ ಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಮುಂದೆ ತಟ್ಟೆ ತುಂಬ ಕೊಬ್ಬರಿ, ಬೆಲ್ಲ, ಉತ್ತತ್ತಿ, ತುಪ್ಪ ಸೋರುವ ಉಂಡೆ. ಏನು ಹಬ್ಬ ಎಂದು ಕೇಳಿದರೆ, "ದೊಡ್ಡಾಕಿ ಆಗ್ಯಾಳೋ" ಅಂದರು. ನಾನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ. ಮೊನ್ನೆ ಇದ್ದಷ್ಟೇ ಇದ್ದಳು. ಇರಲಿ ಎಂದು ಗಂಟಲು ಬಿಚ್ಚಿ ಆರತಿ ಹಾಡಿದೆ. ಓಣಿಯ ಆ ತುದಿಗೂ ಕೇಳುವಂತೆ ಹಾಡಿದೆ. ಉಂಡೆ ಕೈಗೆ ಬಂದ ಮೇಲೆ ಆಯಿಯನ್ನು ಎಲ್ಲರೆದುರೇ ಕೇಳಿಯೂ ಬಿಟ್ಟೆ: "ಆಯೀ, ನಾ ದೊಡ್ಡಾಂವ ಆದಾಗ ನನಗೂ ಹಿಂಗ ಕೂಡಸ್ತೀರಿಲ್ಲೋ?"

ಇಪ್ಪತ್ತು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಉರುಳಾಡಿದರು. ಆಯಿ ಮಾತ್ರ ನಗದೆ ಹೇಳಿದಳು: "ಗಂಡಸರು ದೊಡ್ಡವರಾದದ್ದು ಯಾರಿಗೂ ತಿಳಿಯೂದಿಲ್ಲೋ ಮಗನ. ಎಷ್ಟೋ ಮಂದಿ ಆಗೂದೂ ಇಲ್ಲ."

ಎಂಟನೇತ್ತದಲ್ಲಿ ವಿಜ್ಞಾನದ ಪುಸ್ತಕ ಬಂತು. ಅದರಲ್ಲಿ ಒಂದು ಪಾಠ ಬಂದಾಗ ನಮ್ಮ ಮಾಸ್ತರರು ಖಾಲಿ ಇದ್ದ ಹಲಗೆಯನ್ನು ಮೂರು ಸಲ ಒರೆಸಿ, ಕಿಟಕಿಯ ಕಡೆ ಮುಖ ಮಾಡಿ, "ಇದು ಪರೀಕ್ಷಾಕ್ಕ ಬರೂದಿಲ್ಲ, ಮುಂದಿನ ಪಾಠ ತಗೀರಿ" ಅಂದರು. ಹಾಗಾಗಿ ಆ ವರ್ಷ ಇಡೀ ವರ್ಗ ಯಾರ ಒತ್ತಾಯವೂ ಇಲ್ಲದೆ ಓದಿದ ಪಾಠ ಅದೊಂದೇ. ಗ್ರಂಥಿ, ಸ್ರವಿಸುವಿಕೆ, ಲಕ್ಷಣಗಳು ಎಂದು ಏನೇನೋ ಇತ್ತು, ಒಂದೂ ತಲೆಗೆ ಹತ್ತಲಿಲ್ಲ. ಹತ್ತಿದ್ದು ಎರಡೇ ಸಾಲು. ಗಂಡುಮಕ್ಕಳಿಗೆ ಮುಖದ ಮೇಲೆ ಕೂದಲು ಬರುತ್ತದೆ. ಧ್ವನಿಪೆಟ್ಟಿಗೆ ದೊಡ್ಡದಾಗಿ ದನಿ ಗಡುಸಾಗುತ್ತದೆ. ನನ್ನನ್ನು ಜಮಖಾನೆಯಿಂದ ಎಬ್ಬಿಸಲೆಂದೇ ಯಾರೋ ಪುಸ್ತಕ ಬರೆದ ಹಾಗಿತ್ತು.

ಅಷ್ಟರಲ್ಲಿ ಮೈಯೂ ಪುಸ್ತಕ ಓದಿಕೊಂಡಿತೋ ಏನೋ. ದೀಪಾವಳಿಗೆ ಹೊಲಿಸಿದ ಪ್ಯಾಂಟು ಸಂಕ್ರಾಂತಿಗೆ ಮೊಣಕಾಲಿನ ಕಡೆ ಪ್ರಯಾಣ ಬೆಳೆಸಿತು. ಕೈಕಾಲುಗಳು ಎಷ್ಟುದ್ದ ಇವೆ ಅನ್ನುವುದು ನನಗೇ ತಿಳಿಯದೆ ದಿನಕ್ಕೊಂದು ಕೊಡ, ವಾರಕ್ಕೊಂದು ಚಹಾದ ಕಪ್ಪು ಕೈತಪ್ಪಿ ನೆಲಕ್ಕೆ ಬಿದ್ದವು. ಮೂಗಿನ ತುದಿಯಲ್ಲಿ ಒಂದು ಮೊಡವೆ ಎದ್ದು, ಊರಿಗೆ ಊರೇ ಅದನ್ನು ನೋಡಲು ಕೆಲಸ ಬಿಟ್ಟು ನಿಂತಿದೆ ಅನಿಸತೊಡಗಿತು. ಯಾರಾದರೂ 'ಊಟ ಆತೇನು' ಅಂದರೆ ಸಿಟ್ಟು ಬರುತ್ತಿತ್ತು, ಕೇಳದಿದ್ದರೆ ಅಳು ಬರುತ್ತಿತ್ತು. ಪ್ರಾರ್ಥನೆಗೆ ನಿಂತಾಗ ಕಾರಣವೇ ಇಲ್ಲದೆ ನಗೆ ಉಕ್ಕಿ ಬರುವುದು, ಅದನ್ನು ತಡೆಯಲು ತೊಡೆ ಚಿವುಟಿಕೊಳ್ಳುವುದು ನಿತ್ಯದ ಪಾಡಾಯಿತು.

ಕೊನೆಗೂ ಬಂತು ಮೀಸೆ. ಬಂತು ಅಂದರೆ ಬಂತು ಅನ್ನುವ ಹಾಗೂ ಇರಲಿಲ್ಲ, ತುಟಿಯ ಮೇಲೆ ಒಂದು ಕೊಳೆ ಕೂತಂತೆ ಇತ್ತು. ರೇಣುಕಾಳ ಅಕ್ಕ ಕೂದಲು ಹೋಗಲೆಂದು ಕೈಗೆ ಅರಿಶಿಣ, ಕಡಲೆಹಿಟ್ಟು ಹಚ್ಚಿಕೊಳ್ಳುವುದನ್ನು ನೋಡಿದ್ದೆ. ಅದೇ ಮದ್ದು ಎಂದುಕೊಂಡು ದಿನಾ ಬೆಳಿಗ್ಗೆ ದನದ ಕೊಟ್ಟಿಗೆಯ ಹಿಂದೆ ನಿಂತು ತುಟಿಯ ಮೇಲೆ ಅರಿಶಿಣ ತಿಕ್ಕಿದೆ. ಹೆಂಗಸರ ಕೂದಲಿಗೆ ಆದ ಔಷಧ ನನ್ನದಕ್ಕೂ ಆದೀತು ಅನ್ನುವ ನನ್ನ ತರ್ಕದಲ್ಲಿ ಒಂದೇ ಒಂದು ತಪ್ಪಿತ್ತು. ಒಂದು ವಾರದಲ್ಲಿ ಇದ್ದ ಕೂದಲು ಒಂದೂ ಉದುರಲಿಲ್ಲ. ಅಷ್ಟೂ ಹಳದಿಯಾದವು. ಅಲ್ಲಿಯವರೆಗೆ ನನಗೆ ಮೀಸೆ ಬಂದದ್ದನ್ನು ಗಮನಿಸದಿದ್ದ ಮಾಸ್ತರರು ಹಾಜರಿ ಪುಸ್ತಕದಿಂದ ತಲೆ ಎತ್ತಿ, "ಏನೋ ಮಲ್ಲಪ್ಪ, ತುಟಿಗೆ ಅರಿಶಿಣ ಭಂಡಾರ ಬಡಕೊಂಡು ಬಂದೀ? ಯಾವ ದೇವರ ಪೂಜಾರಿಕಿ ಹಿಡದಿ?" ಎಂದು ಕೇಳಿದರು.

ಇದೇ ಹೊತ್ತಿಗೆ ನನ್ನ ಬೆಂಚಿನ ಜೊತೆಗಾರ ಬಸ್ಯಾ ಮೀಸೆ ಬೇಗ ಬರಲೆಂದು ಅವರಪ್ಪನ ಬ್ಲೇಡಿನಿಂದ ದಿನಕ್ಕೆರಡು ಸಲ ಖಾಲಿ ತುಟಿ ಕೆರೆದುಕೊಂಡು ಗಾಯ ಮಾಡಿಕೊಂಡಿದ್ದ. ಒಂದೇ ಬೆಂಚಿನಲ್ಲಿ ಒಬ್ಬನ ತುಟಿ ಹಳದಿ, ಇನ್ನೊಬ್ಬನದು ಕೆಂಪು. ರೇಣುಕಾ ನಮ್ಮನ್ನು ನೋಡಿ, "ಒಬ್ಬರದೊಬ್ಬರು ಅದಲಿಬದಲಿ ಮಾಡ್ಕೋರಿ, ಇಬ್ಬರಿಗೂ ಆರಾಮ ಆಗ್ತೈತಿ" ಅಂದಳು.

ಮೀಸೆಯದು ಹೀಗಾದರೆ ದನಿ ಹೇಳದೆ ಕೇಳದೆ ಕೈಕೊಟ್ಟಿತು. ಒಂದು ಸೋಮವಾರ ಹಾಜರಿ ಕೂಗಿದಾಗ 'ಹಾಜರ್ ಸರ್' ಅಂದೆ. 'ಹಾಜರ್' ಬಾವಿಯೊಳಗಿನಿಂದ ಬಂತು, 'ಸರ್' ಅಟ್ಟದ ಮೇಲಿನಿಂದ. ಮಾಸ್ತರರು, "ಇಬ್ಬರ್ಯಾಕ ಹಾಜರಿ ಹೇಳಿದ್ರಿ?" ಎಂದು ಕೇಳಿದರು. ಹುಳಿ ಬಾರಿಹಣ್ಣು ತಿಂದದ್ದರ ಫಲ ಎಂದುಕೊಂಡು ಮೆಣಸು ಅಗಿದೆ, ಹಸಿಶುಂಠಿ ಅಗಿದೆ, ಜ್ಯೇಷ್ಠಮಧು ಚೀಪಿದೆ. ಗಂಟಲು ಉರಿಯಿತೇ ಹೊರತು ದನಿ ಹಳೇ ಜಾಗಕ್ಕೆ ಬರಲಿಲ್ಲ.

ಆ ಸಂಕಟದಲ್ಲೇ ಅಕ್ಕ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆಣ್ಣುಮಗು ಹುಟ್ಟಿತು. ಹದಿಮೂರನೇ ದಿನ ತೊಟ್ಟಿಲು. ಇಂಡಿಯಿಂದ ಅವಳ ಗಂಡನ ಮನೆಯವರೆಲ್ಲ ಬರುವವರು, ಸೋದರತ್ತೆಯಾಗಿ ಅವಳ ನಾದಿನಿ ಕಸ್ತೂರಿ ಬರುವವಳು. ಅಕ್ಕ ಅಲ್ಲಿ, ನಮ್ಮ ಮಲ್ಲು ಹಾಡಿದರೆ ಅಳುವ ಕೂಸು ಸುಮ್ಮನಾಗುತ್ತದೆ ಎಂದು ಹೇಳಿಕೊಂಡು ತಿರುಗಿದ್ದಳು. ಸಾಲದ್ದಕ್ಕೆ ಆಲಮಟ್ಟಿಯ ಕಾಲುವೆ ಆಫೀಸಿನಲ್ಲಿದ್ದ ನಮ್ಮಪ್ಪನ ತಮ್ಮ ಕಾಕಾ, "ಹೊಸಾ ಟೇಪ್ ರಿಕಾರ್ಡರ್ ತರ್ತೇನಿ, ಆಯಿದು ಮಲ್ಲೂಂದು ಹಾಡು ಕ್ಯಾಸೆಟ್ಟಿಗಿ ಇಳಸೂಣು" ಎಂದು ಹೇಳಿ ಕಳಿಸಿದ್ದ.

ನನಗೆ ಕಂಡ ದಾರಿ ಒಂದೇ, ಮೌನ. ನಾಲ್ಕು ದಿನ ಎಲ್ಲದಕ್ಕೂ ತಲೆಯಾಡಿಸಿದೆ. ದೃಷ್ಟಿಯಾಗಿದೆ ಎಂದು ಅವ್ವ ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಹುಡುಗನಿಗೆ ಕೊನೆಗೂ ಬುದ್ಧಿ ಬಂತು ಎಂದು ಅಪ್ಪ ಸಮಾಧಾನಪಟ್ಟ. ಆಯಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಆ ನೋಟ ತಪ್ಪಿಸಿಕೊಂಡು ನಾನು ಕೊಟ್ಟಿಗೆಗೆ ಹೋಗುತ್ತಿದ್ದೆ.

ನಳದ ಹತ್ತಿರ ರೇಣುಕಾ ಹಿಡಿದೇ ಬಿಟ್ಟಳು. "ನಿನ್ನ ದನಿ ಒಡದೈತಿ, ಹೌದಿಲ್ಲೋ?"

"ಯಾರ ಮುಂದೂ ಹೇಳಬ್ಯಾಡ. ಗೊತ್ತಾದ್ರ ನನ್ನ ಹೊರಗ ಕೂಡಸ್ತಾರ," ಅಂದೆ. ಆ ಒಂದು ವಾಕ್ಯದಲ್ಲೇ ದನಿ ಮೂರು ಸಲ ಎಡವಿತು.

ಅವಳು ಕೊಡ ಕೆಳಗಿಟ್ಟಳು. "ನಂದು ಆದಾಗ ಊರಿಗೇ ಹಾಡಿ ಹೇಳಿದಿ. ನಿಂದ್ಯಾಕ ಮುಚ್ಚಿಡಬೇಕು? ಅವತ್ತ ನೀ ಹಾಡೂ ಮುಂದ ನನಗ ಭೂಮಿ ಬಾಯಿ ಬಿಟ್ರ ಸಾಕನಿಸಿತ್ತು. ಒಂದು ತುತ್ತು ಗಂಟಲಾಗ ಇಳೀಲಿಲ್ಲ."

ಅವಳ ತಟ್ಟೆಯ ಉಂಡೆಗಳ ಮೇಲೆ ನನ್ನ ಕಣ್ಣಿತ್ತೇ ಹೊರತು ಅವಳು ಅವನ್ನು ಮುಟ್ಟಿಯೇ ಇರಲಿಲ್ಲ ಅನ್ನುವುದು ನನಗೆ ಕಂಡೇ ಇರಲಿಲ್ಲ. ತಪ್ಪಾಯಿತು ಅನ್ನಬೇಕೆಂದು ಬಾಯಿ ತೆರೆದರೆ ಹೊರಬಂದದ್ದು ಒಂದು ಕೀರಲು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕೊಡ ಉರುಳಿತು, ಅದು ಬೇರೆ ಮಾತು.

ತೊಟ್ಟಿಲ ದಿನ ಬಂತು. ಜಮಖಾನೆ ಹಾಸಿತ್ತು, ಟೇಪ್ ರಿಕಾರ್ಡರನ್ನು ಕಾಕಾ ದೇವರ ಹಾಗೆ ಮಣೆಯ ಮೇಲೆ ಕೂರಿಸಿದ್ದ. ಕೆಂಪು ಗುಂಡಿ ಒತ್ತಿ, ಎಲ್ಲರೂ ಕೆಮ್ಮುವುದಿದ್ದರೆ ಈಗಲೇ ಕೆಮ್ಮಿರಿ ಎಂದು ಹೇಳಿ ಕಟ್ಟೆಗೆ ಹೋದ. ಆಯಿ ನನ್ನ ಎತ್ತರಕ್ಕೆ ಶ್ರುತಿ ಹಿಡಿದಳು. ಮೊದಲ ಸಾಲನ್ನು ಹೇಗೋ ದಾಟಿದೆ. ಇಂಡಿಯವರು ತಲೆದೂಗಿದರು. ಎರಡನೇ ಸಾಲಿನ 'ಜೋ' ಇತ್ತಲ್ಲ, ಎಲ್ಲಕ್ಕಿಂತ ಮೇಲಿನದು, ಅಲ್ಲಿಗೆ ಹತ್ತಿದೆ. ಹತ್ತಿದವನು ಅಲ್ಲಿಂದ ಬಿದ್ದೆ. ಎಮ್ಮೆಯ ಕರು ಬಾವಿಗೆ ಬಿದ್ದಂಥ ಒಂದು ಸದ್ದು ನನ್ನ ಬಾಯಿಂದಲೇ ಬಂತು. ತೊಟ್ಟಿಲಲ್ಲಿ ಅದುವರೆಗೆ ಸುಮ್ಮನಿದ್ದ ಕೂಸು ಕಿಟಾರನೆ ಕಿರುಚಿತು.

ಜಮಖಾನೆಯ ತುಂಬ ನಗೆಯ ಹೊಳೆ. ನಾನು ಎದ್ದೆ. ಕಟ್ಟೆಯೇನು, ಸೀದಾ ಮುದ್ದೇಬಿಹಾಳದ ಬಸ್ಸು ಹತ್ತಿ ಹೋಗಿಬಿಡುವ ಅಂದಾಜಿತ್ತು. ಆಯಿ ನನ್ನ ಅಂಗಿಯ ಚುಂಗು ಹಿಡಿದಳು.

"ಕೂಡ್ರು. ಕಸ್ತೂರೀ, ನಿನ್ನ ಬೆನ್ನು ಆಮ್ಯಾಲ. ಮೊದಲ ಇವನ ಬೆನ್ನಿಗಿ ಹಾಕ್ರೆವ್ವಾ. ಇವತ್ತ ಈ ಮನಿಗೆ ಇವನೂ ಹೊಸದಾಗಿ ಬಂದಾನ."

ಬಿದ್ದವು ನೋಡಿ ಗುದ್ದು! ಎಲ್ಲಕ್ಕಿಂತ ಜೋರಾಗಿ ಗುದ್ದಿದವಳು ರೇಣುಕಾ, ಅಸಲು ಬಡ್ಡಿ ಎರಡೂ ಸೇರಿಸಿ. ಅದೇ ಗದ್ದಲದಲ್ಲಿ ಆಯಿ ಆರತಿ ತಟ್ಟೆಯನ್ನು ನನ್ನ ಮುಖಕ್ಕೂ ಒಮ್ಮೆ ಎತ್ತಿ, ಹಳದಿ ಮೀಸೆಯ ಮೇಲೆ ಹೆಬ್ಬೆರಳು ಆಡಿಸಿ, "ಅರಿಶಿಣ ಮೊದಲ ಹಚ್ಚಿಕೊಂಡಾನ, ನಮ್ಮ ಕೆಲಸ ಉಳಸ್ಯಾನ" ಅಂದಳು. ಹಾಡನ್ನು ಮತ್ತೆ ಮೊದಲಿನಿಂದ ಎತ್ತಿದಳು, ಈ ಸಲ ಬಹಳ ಕೆಳಗಿನಿಂದ. ನಾನೂ ತೊದಲುತ್ತ ಸೇರಿದೆ. ಮುಗಿದದ್ದೇ ತಡ, ಗುಗ್ಗರಿಗೂ ನಿಲ್ಲದೆ ಹೊರಗೆ ಓಡಿದೆ.

ಅದಾದ ಮೇಲೆ ನಾನು ಮತ್ತೆಂದೂ ಆ ಜಮಖಾನೆಯ ಮೇಲೆ ಕೂರಲಿಲ್ಲ. ಮುಂದಿನ ತೊಟ್ಟಿಲಿಗೆ ಆಯಿ ಕರೆದಳು. ಶಾಲೆಯ ಅಭ್ಯಾಸ ಇದೆ ಎಂದೆ. ಅದರ ಮುಂದಿನದಕ್ಕೂ ಕರೆದಳು. ತಲೆನೋವು ಎಂದೆ. ನನ್ನ ಮೇಲಿನ ಕರುಣೆಯಿಂದ ಶ್ರುತಿ ಇಳಿಸಿ ಮಾನ ಉಳಿಸಿದಳು, ಮತ್ತೊಮ್ಮೆ ಅವಳಿಗೆ ಆ ಕಷ್ಟ ಕೊಡಬಾರದು ಅನ್ನುವುದು ನನ್ನ ದೊಡ್ಡಸ್ತಿಕೆ. ಆಮೇಲೆ ಅವಳು ರೇಣುಕಾಳನ್ನು ಕರೆದುಕೊಂಡು ಹೋಗುತ್ತಿದ್ದಳು. ನಾನು ಕಟ್ಟೆಯ ಮೇಲೆ ಕೂತು ಆಲಮಟ್ಟಿಯ ನೀರಿನ ಮಾತು ಕೇಳುತ್ತಿದ್ದೆ. ನಾನು ಕಾಲೇಜಿನಲ್ಲಿದ್ದಾಗ ಆಯಿ ತೀರಿಕೊಂಡಳು. ಕ್ಯಾಸೆಟ್ ಅಕ್ಕನ ಬಳಿ ಉಳಿಯಿತು. ಕೇಳು ಕೇಳು ಎಂದು ಅವಳು ಎಷ್ಟು ಸಲ ಅಂದರೂ ಕಿವಿ ಮುಚ್ಚಿಕೊಂಡೆ.

ಹೋದ ವಾರ ಕೇಳಿದೆ. ಮಗ ಶಾಲೆಯಿಂದ ಬಂದಿರಲಿಲ್ಲ, ಹೆಂಡತಿ ಪೇಟೆಗೆ ಹೋಗಿದ್ದಳು. ಧೈರ್ಯ ಮಾಡಿ ಫೋನಿನ ಗುಂಡಿ ಒತ್ತಿದೆ. ಕೆಮ್ಮು, ಬಳೆಗಳ ಸದ್ದು, ಆಮೇಲೆ ಹಾಡು. ನನ್ನ ಆ ಗುಬ್ಬಿ ದನಿಗಾಗಿ ಕಾದು ಕೂತವನಿಗೆ ಬೇರೆಯೇ ಏನೋ ಕೇಳಿಸಿತು. ಮೊದಲ ಸಾಲಿನಲ್ಲಿ ಆಯಿ ಏದುಸಿರು ಬಿಡುತ್ತಿದ್ದಳು. ನನ್ನ ಎತ್ತರಕ್ಕೆ ಏರಲಾರದೆ ಅವಳ ದನಿ ಅಲ್ಲಲ್ಲಿ ಹರಿಯುತ್ತಿತ್ತು. ಆಮೇಲೆ ಎಮ್ಮೆಯ ಕರು, ಕೂಸಿನ ಚೀರಾಟ, ನಗೆ, ಧಪಧಪ. ಎರಡನೇ ಸಲ ಹಾಡು ಶುರುವಾದಾಗ ನಾನು ಎದ್ದು ನಿಂತೆ. ಆ ಕೆಳಗಿನ ಶ್ರುತಿಯಲ್ಲಿ ಆಯಿಯ ದನಿ ತುಂಬಿ ಬಂದಿತ್ತು. ಅಷ್ಟು ಇಂಪಾಗಿ ಅವಳು ಹಾಡಿದ್ದನ್ನು ನಾನು ಜೀವಮಾನದಲ್ಲಿ ಕೇಳಿರಲಿಲ್ಲ.

ಹಾಡು ಮುಗಿಯಿತು. ಟೇಪ್ ನಿಲ್ಲಿಸುವುದನ್ನು ಕಾಕಾ ಮರೆತಿದ್ದ. ಗುಗ್ಗರಿ ಹಂಚುವ ಗದ್ದಲದ ನಡುವೆ ಆಯಿ ಯಾರಿಗೋ ಹೇಳುತ್ತಿದ್ದಳು. "ಐದು ವರ್ಷಾತವ್ವಾ, ಈ ಹುಡುಗನ ಸುತಿಗಿ ಏರಿ ಏರಿ ನನ್ನ ಎದಿ ಒಣಗಿ ಹೋಗಿತ್ತು. ಏನ್ ಮಾಡೂದು, ಜೋಡಿ ಬೇಕಲ್ಲ. ಇವತ್ತ ನನ್ನ ದನಿಗಿ ಇಳದು ಬಂದ ನೋಡು. ಇನ್ನ ಇಬ್ಬರೂ ಕೂಡಿ ಆರಾಮ ಹಾಡ್ತೇವಿ." ಸ್ವಲ್ಪ ಬಿಟ್ಟು, "ಎಲ್ಲಿ ಹೋದ ಅಂವ? ಮಲ್ಲೂ, ಏ ಮಲ್ಲೂ! ಒಂದು ಹಿಡಿ ಹೆಚ್ಚಿಗಿ ತಗದಿಟ್ಟೇನಿ, ಬಾರೋ!"

ಅಲ್ಲಿಗೆ ಕ್ಯಾಸೆಟ್ ಮುಗಿದಿತ್ತು. ನನ್ನ ಜಾಗವನ್ನು ಯಾರೂ ಕಸಿದುಕೊಂಡಿರಲಿಲ್ಲ. ನಾನೇ ಎದ್ದು ಹೋಗಿದ್ದೆ. ಹೇಳಲು ನಾಚಿಕೆಯಿಲ್ಲ, ಸೋಫಾದ ಮೇಲೆ ಕೂತು ಗಳಗಳ ಅತ್ತೆ.

ಅಷ್ಟರಲ್ಲಿ ಮಗ ಬಂದ. ಚೀಲ ಒಗೆದು, ತುಟಿಯ ಮೇಲಿನ ಹೊಸ ಕೊಳೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ನನ್ನ ಕಡೆ ನೋಡದೆ ಒಳಗೆ ನುಸುಳುತ್ತಿದ್ದ. ನನಗೆ ಏನನಿಸಿತೋ, ಎದ್ದು ಹೋಗಿ ಅವನ ಬೆನ್ನಿಗೆ ಧಪ್ಪೆಂದು ಒಂದು ಗುದ್ದಿದೆ.

"ಯಾಕಪ್ಪಾ?" ಅಂದ. 'ಯಾ' ಬಾವಿಯಿಂದ ಬಂತು, 'ಕಪ್ಪಾ' ಅಟ್ಟದಿಂದ.

ಇನ್ನೂ ಒಂದು ಗುದ್ದಿ, "ಬಾ ಇಲ್ಲಿ, ನನ್ನ ಜೋಡಿ ಕೂಡ್ರು" ಅಂದೆ.